ಎರಡು ಇಂಚು ಎತ್ತರದ ಲೆಕ್ಕ

ಶಿಕಾರಿಪುರದ ನಮ್ಮ ಹಳೇ ಮನೆಯ ನೆಲಕ್ಕೆ ಟೈಲ್ಸ್ ಹಾಕಿಸಿದಾಗ ನಾನು ಚೀಟಿಯಲ್ಲಿ ಬರೆದುಕೊಂಡಿದ್ದ ಅಂದಾಜು ₹53,000. ಕೆಲಸ ಮುಗಿದು ಮೇಸ್ತ್ರಿಗೆ ಕೊನೆಯ ಕಂತು ಕೊಟ್ಟಾಗ ಮೊತ್ತ ₹88,281. ಅದೇ ಬೇಸಿಗೆಯಲ್ಲಿ ಸೊರಬದ ಅಕ್ಕ ತನ್ನ ಮನೆಯ ಕೆಂಪು ಗಾರೆ ನೆಲಕ್ಕೆ ಪಾಲಿಶ್ ಹೊಡೆಸಿದಳು. ಅವಳ ಖರ್ಚು ನನ್ನದರ ಮೂರನೇ ಒಂದು ಭಾಗ. ಯಾರು ಜಾಣರು ಅನ್ನುವುದು ನಮ್ಮ ಮನೆಯಲ್ಲಿ ಈಗಲೂ ಊಟದ ಹೊತ್ತಿನ ಚರ್ಚೆ.

ನಮ್ಮದೂ ಕೆಂಪು ನೆಲವೇ. ಸಿಮೆಂಟಿಗೆ ಆಕ್ಸೈಡ್ ಪುಡಿ ಬೆರೆಸಿ, ಒಂದು ಕೋಣೆಯನ್ನು ಒಂದೇ ದಿನದಲ್ಲಿ ಹಾಸಿ, ಕರಣೆಯಿಂದ ಉಜ್ಜಿ ಉಜ್ಜಿ ಹೊಳಪು ತಂದದ್ದು. ಅಪ್ಪ ಇದ್ದಾಗ ಹಬ್ಬಕ್ಕೆ ಮುಂಚೆ ಮ್ಯಾನ್ಷನ್ ಪಾಲಿಶ್ ಡಬ್ಬಿ ಬರುತ್ತಿತ್ತು, ಇಲ್ಲದಿದ್ದರೆ ತೆಂಗಿನೆಣ್ಣೆ ಬಟ್ಟೆ. ಕೊನೆಕೊನೆಗೆ ನಡುಮನೆಯಲ್ಲಿ ಉದ್ದಕ್ಕೂ ಬಿರುಕು, ಅಡುಗೆಮನೆಯಲ್ಲಿ ಅಲ್ಲಲ್ಲಿ ಗುಳಿ. ಮಳೆಗಾಲದಲ್ಲಿ ನೆಲ ಬೆವರುತ್ತಿತ್ತು. ಅಮ್ಮನ ಕಾಲಿಗೆ ಥಂಡಿ ಹತ್ತುತ್ತದೆ ಅನ್ನುವುದೇ ನನ್ನ ಮುಖ್ಯ ಕಾರಣ. ಟೈಲ್ಸ್ ಅಂಗಡಿಯ ಬೆಳಕಿನಲ್ಲಿ ಕಂಡ ಹೊಳಪು ಇನ್ನೊಂದು ಕಾರಣ, ಅದನ್ನು ಆಗ ಯಾರಿಗೂ ಹೇಳಲಿಲ್ಲ.

ಅಂಗಡಿಯಲ್ಲಿ ಗುಜರಾತಿನ ಮೋರ್ಬಿಯಿಂದ ಬಂದ ಎರಡು ಬೈ ಎರಡಡಿಯ ವಿಟ್ರಿಫೈಡ್ ಟೈಲ್ಸ್ ತೋರಿಸಿ ಚದರಡಿಗೆ ₹44 ಅಂದರು. ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಸೇರಿ ಸುಮಾರು ₹52 ಆಯಿತು. 2017ರ ನವೆಂಬರ್‌ವರೆಗೆ ಇದಕ್ಕೆ ಶೇ 28 ತೆರಿಗೆ ಇತ್ತಂತೆ, ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ. ಕತ್ತರಿಸುವಾಗ ಹಾಳಾಗುವುದಕ್ಕೂ ಸೇರಿಸಿ 43 ಬಾಕ್ಸ್. ಬಾಕ್ಸಿಗೆ ನಾಲ್ಕು ಟೈಲ್ಸ್, ಹದಿನಾರು ಚದರಡಿ ಎಂದು ಬಿಲ್ ಹಾಕಿದರು. ಮನೆಗೆ ತಂದು ಟೇಪ್ ಹಿಡಿದರೆ ಟೈಲ್ಸ್ ಎರಡಡಿ ಇರಲಿಲ್ಲ. ಅದರ ಅಳತೆ 600 ಮಿಲಿಮೀಟರ್, ಅಂದರೆ ಎರಡಡಿಗೆ ಸುಮಾರು ಒಂದು ಸೆಂಟಿಮೀಟರ್ ಕಮ್ಮಿ. ಬಾಕ್ಸಿನಲ್ಲಿ ಇರುವುದು ಹದಿನೈದೂವರೆ ಚದರಡಿ. ಹೀಗೆ ಇಲ್ಲದ ಇಪ್ಪತ್ತೊಂದೂವರೆ ಚದರಡಿಗೆ ಸಾವಿರದ ನೂರು ರೂಪಾಯಿ ಕೊಟ್ಟು ಬಂದಿದ್ದೆ. ಬಾಕ್ಸಿನ ಮೇಲೆ ಚದರ ಮೀಟರ್ ಲೆಕ್ಕ ಅಚ್ಚಾಗಿಯೇ ಇರುತ್ತದೆ, ನಾನು ಓದಿರಲಿಲ್ಲ.

ನನ್ನ ಅಂದಾಜಿನಲ್ಲಿ ಇದ್ದದ್ದು ಎರಡೇ ಬಾಬತ್ತು: ಟೈಲ್ಸ್ ₹35,721, ಮತ್ತು 620 ಚದರಡಿಗೆ ₹28ರಂತೆ ಹಾಕುವ ಕೂಲಿ ₹17,360. ಅಡಿಕೆ ಮಾರಿದ ಮೇಲೆ ಈ ಕಡೆ ಎಲ್ಲರೂ ಮನೆ ಕೆಲಸಕ್ಕೆ ಕೈ ಹಾಕುತ್ತಾರೆ, ಮೇಸ್ತ್ರಿ ಸಿಕ್ಕಿದ್ದೇ ಪುಣ್ಯ ಅಂದುಕೊಂಡು ಕೂಲಿಯಲ್ಲಿ ಚೌಕಾಸಿ ಮಾಡಲಿಲ್ಲ.

"ಹಳೇದು ಪೂರ್ತಿ ಒಡೆಯೋದ್ ಬೇಡ ಸಾರ್, ಕೆತ್ತಿ ಮೇಲೇ ಹಾಕಣ. ಖರ್ಚು ಉಳಿತದೆ" ಅಂದರು ಮೇಸ್ತ್ರಿ. ಉಳಿಯಿತು, ಆದರೆ ನೆಲ ಎರಡು ಇಂಚು ಮೇಲೆದ್ದಿತು. ಅಲ್ಲಿಂದ ಶುರುವಾಯಿತು ನೋಡಿ. ಐದು ಬಾಗಿಲು ತಿರುಗದೆ ನಿಂತವು. ಬಡಗಿ ಬಂದು ಸಾಗುವಾನಿ ಬಾಗಿಲನ್ನು ಕೀಲಿನಿಂದ ಬಿಚ್ಚಿ, ಅಂಗಳದಲ್ಲಿ ಮಲಗಿಸಿ, ಅಪ್ಪ ಮಾಡಿಸಿದ್ದ ಕೆಳಗಿನ ಪಟ್ಟಿಯನ್ನೇ ಕೊಯ್ದ. ಆ ಹೊಟ್ಟನ್ನು ಅಮ್ಮ ಗುಡಿಸಿ ಬಚ್ಚಲ ಒಲೆಗೆ ಹಾಕಿದಳು, ಒಂದೂ ಮಾತಾಡಲಿಲ್ಲ. ಬಡಗಿಗೆ ₹7,500. ಕೆತ್ತಿದ್ದಕ್ಕೆ ₹6,200, ಮರಳು ಸಿಮೆಂಟಿಗೆ ₹15,000, ಗೋಡೆಯಂಚಿನ ಪಟ್ಟಿಗೆ ₹6,500. ಹೊಸ್ತಿಲು ಅರ್ಧ ಹೂತುಹೋಯಿತು. ಅದಕ್ಕೆ ಬೆಲೆ ಕಟ್ಟುವವರಿಲ್ಲ.

ಸಾಲದ ಬಗ್ಗೆ ಒಂದು ಮಾತು. ಬ್ಯಾಂಕಿನಲ್ಲಿ ರಿಪೇರಿ ಸಾಲ ತೆಗೆದರೆ ತೆರಿಗೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ವಿನಾಯಿತಿ ಇರುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ವರ್ಷಕ್ಕೆ ₹30,000 ಮಿತಿ. ಮನೆ ಕಟ್ಟುವ ಸಾಲದ ಎರಡು ಲಕ್ಷದ ಮಾತು ಇಲ್ಲಿ ನಡೆಯುವುದಿಲ್ಲ. ನಾನು ಇರುವುದು ಹೊಸ ಪದ್ಧತಿಯಲ್ಲಿ. ಅರ್ಜಿ ಹರಿದುಹಾಕಿ ಕೈಯಲ್ಲಿದ್ದ ದುಡ್ಡಿನಲ್ಲೇ ಮುಗಿಸಿದೆ.

ಜೂನ್ ಬಂತು. ಟೈಲ್ಸ್ ಒಣಗಿಯೇ ಇತ್ತು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ ಅರ್ಧದಷ್ಟೂ ನೀರು ಹೀರುವುದಿಲ್ಲ. ಆದರೆ ಕೆಳಗಿನ ತೇವ ಎಲ್ಲಿಗೆ ಹೋಗಬೇಕು? ಮುಂಚೆ ಗಾರೆ ನೆಲದ ಮೇಲೆಲ್ಲ ಬೆವರಾಗಿ ಬರುತ್ತಿದ್ದದ್ದು ಈಗ ಗೋಡೆಯ ಬುಡ ಹಿಡಿದು ಏರಿತು. ಆಗಸ್ಟ್ ಹೊತ್ತಿಗೆ ಹೊಸ ಪಟ್ಟಿಯ ಮೇಲೆ ಒಂದು ಗೇಣು ಎತ್ತರಕ್ಕೆ ಬಣ್ಣ ಉಬ್ಬಿ, ಮುಟ್ಟಿದರೆ ಬಿಳಿ ಉಪ್ಪಿನ ಪುಡಿ.

ಸೊರಬದಿಂದ ಭಾವ ಬಂದವರು ಒಳಗೆ ಬರುವ ಮುಂಚೆ ಮನೆ ಸುತ್ತ ಒಂದು ಸುತ್ತು ಹಾಕಿದರು. "ಮಾರಾಯ, ಹಂಚಿನ ನೀರೆಲ್ಲ ಸೀದಾ ಪಾಯಕ್ಕೇ ಬೀಳ್ತಿದೆಯಲ್ಲೋ." ಹೌದು. ಅಜ್ಜನ ಕಾಲದಲ್ಲಿ ಸೂರಿಗೆ ಅಡಿಕೆ ದಂಬೆ ಕಟ್ಟುತ್ತಿದ್ದರು. ಅದು ಕೊಳೆತು ಬಿದ್ದ ಮೇಲೆ ಯಾರೂ ಕಟ್ಟಿರಲಿಲ್ಲ. ಸೂರಿನ ನೀರು ಬಿದ್ದು ಬಿದ್ದು ಗೋಡೆಯುದ್ದಕ್ಕೂ ಒಂದು ಕಾಲುವೆಯೇ ಆಗಿತ್ತು.

ಅಕ್ಕನ ಮನೆಯಲ್ಲಿ ಅವರು ಮೊದಲು ಮಾಡಿದ ಕೆಲಸ ಅದೇ. ಸೊರಬದಲ್ಲಿ ನಮಗಿಂತ ಮಳೆ ಜಾಸ್ತಿ, ಅಲ್ಲಿಯವರಿಗೆ ನೀರಿನ ಬುದ್ಧಿ ಗೊತ್ತು. ಸೂರಿಗೆ ತಗಡಿನ ದೋಣಿ ಹಾಗೂ ಪೈಪಿಗೆ ₹12,000. ಒಂದು ಮಳೆಗಾಲ ಕಾದು, ನೆಲ ಒಣಗಿದೆ ಎಂದು ಖಾತ್ರಿಯಾದ ಮೇಲೆ ಗುಳಿ ಬಿದ್ದಲ್ಲಿ ತೇಪೆ, ಗಾರೆಯವರಿಗೆ ಎರಡು ದಿನದ ಕೂಲಿ ₹3,400. ಆಮೇಲೆ 480 ಚದರಡಿಗೆ ಯಂತ್ರದ ಪಾಲಿಶ್, ₹30ರಂತೆ ₹14,400. ಮೇಣಕ್ಕೆ ₹600. ಒಟ್ಟು ₹30,400. ತೇಪೆಯ ಬಣ್ಣ ಹಳೆಯದರ ಜೊತೆ ಕೂಡಲಿಲ್ಲ, ನಡುಮನೆಯಲ್ಲಿ ಭಾರತದ ನಕಾಶೆಯ ಹಾಗೆ ಒಂದು ಕಡುಗೆಂಪು ಕಾಣುತ್ತದೆ. ಅಕ್ಕ ಅದರ ಮೇಲೆ ಚಾಪೆ ಹಾಸಿದ್ದಾಳೆ.

ಅಗ್ಗ ಎಂದ ಮಾತ್ರಕ್ಕೆ ಅವಳ ದಾರಿಯೇ ಸರಿ ಎಂದು ನಾನು ಒಪ್ಪುವುದಿಲ್ಲ. ಮೇಣ ಹಚ್ಚಿ ಉಜ್ಜುವವರು ಯಾರು? ಆಕ್ಸೈಡ್‌ಗೂ ಮುಂಚೆ ಈ ಸೀಮೆಯ ಮನೆಗಳಲ್ಲಿ ಕೆಮ್ಮಣ್ಣು, ಸಗಣಿ ಸಾರಿಸುತ್ತಿದ್ದರು. ಸೊರಬ ಸಾಗರದ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದರು. ನೋಡಲು ಚಂದ, ಆದರೆ ಬಗ್ಗಿದ ಬೆನ್ನೆಲ್ಲ ಹೆಂಗಸರದು, ಮನೆಯ ಯಾವ ಖರ್ಚಿನ ಪುಸ್ತಕದಲ್ಲೂ ಆ ಕೂಲಿ ಬರೆದಿಲ್ಲ. ಟೈಲ್ಸ್ ಒರೆಸುವುದು ಅಮ್ಮನಿಗೆ ಸುಲಭವಾಗಿದೆ, ಅದು ನಿಜ.

ನಾನೂ ಕೊನೆಗೆ ₹14,000 ಕೊಟ್ಟು ದೋಣಿ ಹಾಕಿಸಿದೆ. ಗೋಡೆ ಒಣಗುತ್ತಿದೆ. ಆ ಹದಿನಾಲ್ಕು ಸಾವಿರ ಮೊದಲು ಹೋಗಿದ್ದರೆ ಎಂಬತ್ತೆಂಟು ಸಾವಿರ ಹೋಗುತ್ತಲೇ ಇರಲಿಲ್ಲವೇನೋ.

ದೇವರಕೋಣೆಯನ್ನು ಮಾತ್ರ ಅಮ್ಮ ಮುಟ್ಟಲು ಬಿಡಲಿಲ್ಲ. ಐದು ಬೈ ಆರಡಿಯ ಆ ಕೆಂಪು ನೆಲ ಈಗ ಉಳಿದ ಮನೆಗಿಂತ ಎರಡು ಇಂಚು ತಗ್ಗಿನಲ್ಲಿದೆ. ನಡುಮನೆ ಒರೆಸಿದ ನೀರು ಸೀದಾ ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಮ್ಮ ಮೊದಲು ಆ ಬಾಗಿಲಿಗೆ ಗೋಣಿಚೀಲ ಮಡಚಿ ಅಡ್ಡ ಇಟ್ಟು, ಆಮೇಲೆ ಬಕೆಟ್ ಎತ್ತಿಕೊಳ್ಳುತ್ತಾಳೆ.