ಸವೆದ ಎಂಜಿನ್‌ಗೆ ಆಯಿಲ್ ಅಡಿಟಿವ್: ಖರೀದಿಗೆ ಮುನ್ನ ಪರೀಕ್ಷೆ

ಲಕ್ಷಾಂತರ ಕಿಲೋಮೀಟರ್ ಓಡಿದ ಕಾರು ನೀಲಿ ಹೊಗೆ ಉಗುಳತೊಡಗಿದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಗ ಅಡಿಟಿವ್ ಡಬ್ಬಿ ತಂದು ಸುರಿಯುವುದು ರೂಢಿ. ಇವುಗಳಲ್ಲಿ ಹಲವು ಆಯಿಲನ್ನು ಮಂದಗೊಳಿಸುತ್ತವೆ, ಅಷ್ಟೆ. ಹೊಗೆ ಕೆಲಕಾಲ ತಗ್ಗೀತು, ಸವೆದ ಲೋಹ ಮರಳಿ ಬಾರದು. ಹಳೆಯ ಕಾರು ಮಾರಹೊರಟವರಿಗೆ ಅಷ್ಟೇ ಸಾಕಾಗಬಹುದು. ಇಂಗಾಲ ಕಟ್ಟಿ ಪಿಸ್ಟನ್ ರಿಂಗ್ ಅಂಟಿಕೊಂಡಿದ್ದರೆ ಅಥವಾ ರಬ್ಬರ್ ಸೀಲ್ ಗಡುಸಾಗಿ ಆಯಿಲ್ ಜಿನುಗುತ್ತಿದ್ದರೆ ಮಾತ್ರ ಅವುಗಳಿಗೆಂದೇ ತಯಾರಿಸಿದ ದ್ರಾವಣಗಳಿಂದ ಅಲ್ಪ ಪ್ರಯೋಜನವುಂಟು.

ಆದ್ದರಿಂದ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸತಕ್ಕದ್ದು. ಪೆಟ್ರೋಲ್ ಎಂಜಿನ್‌ನಲ್ಲಿ ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್ ಅಥವಾ ಬೋರಿನದು. ಏರದಿದ್ದರೆ ಬಹುಶಃ ವಾಲ್ವಿನದು. ಬೋರ್ ಸವೆದಿದ್ದಲ್ಲಿ ರೀಬೋರ್ ಮಾಡಿಸಬೇಕಾಗುತ್ತದೆ. ಈ ಪರೀಕ್ಷೆಯ ವರದಿಯಿಲ್ಲದೆ ಪಂಚಾಯಿತಿ ವಾಹನಕ್ಕೆ ಅಡಿಟಿವ್ ಖರೀದಿಸುವುದು ಸೂಕ್ತವಲ್ಲ.