ಕ್ರೀಡಾಪಟುವಿಗೆ ತುಂಬು ಬಲದ ವಯಸ್ಸು ಯಾವುದು?

(ಅಂತಿಮ ಬಿ.ಎ. ವಿದ್ಯಾರ್ಥಿ, ಹುಲಗೂರು)

ನಮ್ಮ ಹುಲಗೂರಿನ ಕಡೆ ಎತ್ತು ಕೊಳ್ಳಲು ಹೋದವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನ ಹೋರಿಗೆ ಒಂದು ಬೆಲೆ, ನಾಲ್ಕು ಹಲ್ಲು, ಆರು ಹಲ್ಲು ಆದುದಕ್ಕೆ ಬೇರೆ ಬೆಲೆ. ಎಂಟೂ ಹಲ್ಲು ಬಂದು ಬಾಯಿಗೂಡಿತೆಂದರೆ, ಅಂದರೆ ಸುಮಾರು ಐದು ವರ್ಷವಾಯಿತೆಂದರೆ, ಎತ್ತು ತನ್ನ ಪೂರ್ಣ ಬಲಕ್ಕೆ ಬಂದಿತೆಂದು ಲೆಕ್ಕ. ಎರಡು ಹಲ್ಲಿನ ಹೋರಿಗೆ ಭಾರದ ಗಾಡಿ ಹೂಡುವವನನ್ನು ಊರ ಹಿರಿಯರು ಬೈಯುತ್ತಾರೆ. ಆಗತಾನೆ ಬಾಯಿಗೂಡಿದ ಎತ್ತನ್ನು ಮುದಿಯೆಂದು ಮಾರಹೊರಟವನನ್ನು ಕಂಡು ನಗುತ್ತಾರೆ.

ಎತ್ತಿನ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿ ವಿಚಾರಿಸುವ ನಾವು ಮನುಷ್ಯನ ವಿಷಯದಲ್ಲಿ ಹಾಗೆ ವಿಚಾರಿಸುವುದಿಲ್ಲ. ಕಳೆದ ದೀಪಾವಳಿಯ ರಜೆಯಲ್ಲಿ ನಾನು ಬೆಳಗಿನ ಓಟ ಮುಗಿಸಿ ಬರುತ್ತಿರುವಾಗ ನಮ್ಮ ಓಣಿಯ ಹಿರಿಯರೊಬ್ಬರು ತಡೆದು ಕೇಳಿದರು: "ಏನೋ ತಮ್ಮಾ, ಇಪ್ಪತ್ತು ತುಂಬಿದ್ರೂ ಇನ್ನೂ ಓಡೂದು ಬಿಟ್ಟಿಲ್ಲಲ್ಲ! ಆಡೂ ವಯಸ್ಸು ಮುಗೀತು. ಇನ್ನ ದುಡಿಮಿ ಕಡೆ ನೋಡು." ನಾನು "ಹೂನ್ರೀ ಅಜ್ಜಾರ" ಎಂದು ತಲೆ ತಗ್ಗಿಸಿ ಬಂದೆನು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಇಪ್ಪತ್ತಕ್ಕೆ ಆಟದ ವಯಸ್ಸು ಮುಗಿಯುವುದು ನಿಜವೆ? ಮನುಷ್ಯನಿಗೆ ಬಾಯಿಗೂಡುವ ಕಾಲ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಶರೀರದ ಸಂಗತಿಯನ್ನು ನೋಡೋಣ. ನಾವು 'ಬಲ' ಎಂದು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವವಾಗಿ ಹಲವು ಶಕ್ತಿಗಳ ಕೂಟ. ಮೊದಲನೆಯದು ಎಲುಬು. ಎತ್ತರ ಬೆಳೆಯುವುದು ನಿಂತ ಮೇಲೂ ಎಲುಬಿನ ಗಟ್ಟಿತನ ಇಪ್ಪತ್ತೈದು ಮೂವತ್ತರ ವರೆಗೆ ಹೆಚ್ಚುತ್ತಿರುತ್ತದೆ. ಎರಡನೆಯದು ಹೃದಯ ಮತ್ತು ಶ್ವಾಸಕೋಶಗಳ ಶಕ್ತಿ. ಎಂದರೆ ಒಂದು ನಿಮಿಷದಲ್ಲಿ ದೇಹವು ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲುದೆಂಬುದು. ಇದು ಇಪ್ಪತ್ತರಿಂದ ಮೂವತ್ತರ ನಡುವೆ ತುತ್ತತುದಿಯಲ್ಲಿದ್ದು, ಅನಂತರ ವ್ಯಾಯಾಮವಿಲ್ಲದವರಲ್ಲಿ ಹತ್ತು ವರ್ಷಕ್ಕೆ ಶೇಕಡಾ ಸುಮಾರು ೧೦ರಂತೆ ಇಳಿಯುತ್ತದೆ. ಅಭ್ಯಾಸ ಬಿಡದೆ ಇರುವವರಲ್ಲಿ ಈ ಇಳಿತ ಬಹಳಷ್ಟು ನಿಧಾನ. ಮೂರನೆಯದು ಸ್ನಾಯು. ಸ್ನಾಯುಗಳಲ್ಲಿ ಬೇಗ ಬಿಗಿದು ಬೇಗ ದಣಿಯುವ ಎಳೆಗಳು, ನಿಧಾನವಾಗಿ ಬಿಗಿದು ಬಹಳ ಹೊತ್ತು ತಾಳುವ ಎಳೆಗಳು ಎಂದು ಎರಡು ಬಗೆಯುಂಟು. ನೆಗೆತಕ್ಕೂ ಚಿಕ್ಕ ಓಟಕ್ಕೂ ಬೇಕಾದ ಮೊದಲ ಬಗೆಯ ಎಳೆಗಳೇ ವಯಸ್ಸಾದಂತೆ ಹೆಚ್ಚಾಗಿ ಕ್ಷೀಣಿಸುತ್ತವೆ. ನಾಲ್ಕನೆಯದು ಕೈಚಳಕ ಮತ್ತು ವಿವೇಚನೆ. ಎದುರಾಳಿಯ ಮನಸ್ಸನ್ನು ಓದುವುದು, ಎಲ್ಲಿ ಬಲ ಹಾಕಬೇಕು, ಎಲ್ಲಿ ಉಳಿಸಬೇಕು ಎಂದು ತಿಳಿಯುವುದು ಅನುಭವದಿಂದ ಮಾತ್ರ ಬರತಕ್ಕದ್ದು.

ಈ ಶಕ್ತಿಗಳೆಲ್ಲ ಒಂದೇ ವರ್ಷ ತುದಿ ಮುಟ್ಟುವುದಿಲ್ಲ. ಒಂದೊಂದು ಆಟವೂ ಇವುಗಳನ್ನು ಒಂದೊಂದು ಪ್ರಮಾಣದಲ್ಲಿ ಬೇಡುತ್ತದೆ. ಆದುದರಿಂದಲೇ ಎಲ್ಲ ಆಟಗಳಿಗೂ ಒಂದೇ ತುಂಬು ವಯಸ್ಸು ಇಲ್ಲ.

ಉನ್ನತ ದರ್ಜೆಯ ಕ್ರೀಡಾಪಟುಗಳ ಸಾಧನೆಗಳನ್ನು ವಯಸ್ಸಿನೊಡನೆ ತೂಗಿ ನೋಡಿದ ವಿದ್ವಾಂಸರು ಸ್ಥೂಲವಾಗಿ ಹೀಗೆ ಹೇಳುತ್ತಾರೆ: ಈಜಿನಲ್ಲಿ ಶ್ರೇಷ್ಠ ಸಾಧನೆ ಇಪ್ಪತ್ತರ ಆಸುಪಾಸಿನಲ್ಲಿ ಬರುತ್ತದೆ, ಎಸೆತದ ಆಟಗಳಲ್ಲಿ ಇಪ್ಪತ್ತೇಳರ ಸುಮಾರಿಗೆ, ಬಹು ದೂರದ ಸೈಕಲ್ ಪಂದ್ಯಗಳಲ್ಲಿ ನಲವತ್ತರ ಸಮೀಪಕ್ಕೆ. ೨೦೦೦ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದಾಗ ಬೆಂಗಳೂರಿನ ನಿಶಾ ಮಿಲೆಟ್ ಅವರಿಗೆ ೧೮ ವರ್ಷ. ಜಮೈಕಾದ ಉಸೇನ್ ಬೋಲ್ಟ್ ೨೦೦೯ರಲ್ಲಿ ೧೦೦ ಮೀಟರನ್ನು ೯.೫೮ ಸೆಕೆಂಡುಗಳಲ್ಲಿ ಓಡಿದಾಗ ಅವರಿಗೆ ಇಪ್ಪತ್ತಮೂರು ತುಂಬಲು ಐದು ದಿನ ಉಳಿದಿತ್ತು. ನಮ್ಮ ನೀರಜ್ ಚೋಪ್ರಾ ೨೦೨೧ರಲ್ಲಿ ಟೋಕಿಯೋದಲ್ಲಿ ಚಿನ್ನ ಗೆದ್ದದ್ದು ೨೩ನೆಯ ವಯಸ್ಸಿನಲ್ಲಿ. ಆದರೆ ಭರ್ಚಿಯನ್ನು ೯೦ ಮೀಟರು ದಾಟಿಸಿದ್ದು ೨೦೨೫ರಲ್ಲಿ, ೨೭ನೆಯ ವಯಸ್ಸಿನಲ್ಲಿ. ಕೀನ್ಯಾದ ಎಲಿಯುಡ್ ಕಿಪ್ಚೋಗೆ ೨೦೨೨ರಲ್ಲಿ ಮ್ಯಾರಥಾನಿನ ಅಂದಿನ ವಿಶ್ವದಾಖಲೆ ಸ್ಥಾಪಿಸಿದಾಗ ಅವರಿಗೆ ೩೭. ಮರುವರ್ಷ ಅದನ್ನು ಮುರಿದವರು ಅದೇ ದೇಶದ ೨೩ ವರ್ಷದ ಕೆಲ್ವಿನ್ ಕಿಪ್ಟಮ್. ಆದುದರಿಂದ ಈ ವಯಸ್ಸುಗಳು ಸರಾಸರಿಗಳೇ ಹೊರತು ಶಾಸನಗಳಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ನಮ್ಮ ಜನಕ್ಕೆ ಹೆಚ್ಚು ಪರಿಚಿತವಾದ ಕುಸ್ತಿಯನ್ನೇ ತೆಗೆದುಕೊಳ್ಳೋಣ. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ ೧೯೪೮ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರಿಗೆ ೨೨ ವರ್ಷ. ಮಣ್ಣಿನ ಕಣದಲ್ಲಿ ಬೆಳೆದ ಅವರಿಗೆ ಚಾಪೆಯ ಮೇಲಿನ ಕುಸ್ತಿ ಹೊಸದು. ಆರನೆಯ ಸ್ಥಾನ ಬಂದಿತು. ಅಲ್ಲಿಗೇ ಬಿಟ್ಟಿದ್ದರೆ ಅವರ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಅವರು ಬಿಡಲಿಲ್ಲ. ನಾಲ್ಕು ವರ್ಷ ಸಾಧನೆ ಮಾಡಿ ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕವದು. ಆಗ ಅವರಿಗೆ ೨೬. ಆ ಪ್ರವಾಸದ ವೆಚ್ಚಕ್ಕಾಗಿ ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರೆಂಬುದು ಪ್ರಸಿದ್ಧವಾಗಿದೆ. ಇಪ್ಪತ್ತೆರಡರಿಂದ ಇಪ್ಪತ್ತಾರರ ವರೆಗಿನ ಆ ನಾಲ್ಕು ವರ್ಷಗಳನ್ನು ಜಾಧವರು ತಾವೊಬ್ಬರೇ ದಾಟಲಿಲ್ಲ; ಬೆನ್ನ ಹಿಂದೆ ಜನರಿದ್ದರು.

ಕರ್ನಾಟಕದ ಕ್ರೀಡಾಪಟುಗಳ ಜೀವನವೂ ಇದನ್ನೇ ಹೇಳುತ್ತದೆ. ಪ್ರಕಾಶ್ ಪಡುಕೋಣೆಯವರು ೧೬ನೆಯ ವಯಸ್ಸಿಗೇ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್ ಆದವರು. ಆದರೂ ಆಲ್ ಇಂಗ್ಲೆಂಡ್ ಪ್ರಶಸ್ತಿ ಕೈಸೇರಿದ್ದು ೧೯೮೦ರಲ್ಲಿ, ೨೪ನೆಯ ವಯಸ್ಸಿನಲ್ಲಿ. ನಮ್ಮ ನೆರೆಯ ಗದಗಿನ ಸುನೀಲ್ ಜೋಶಿಯವರು ಬಾಲ್ಯದಲ್ಲಿ ಬೆಳಗಾಗುತ್ತಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಬರುತ್ತಿದ್ದರು. ಅವರಿಗೆ ಟೆಸ್ಟ್ ಪಂದ್ಯದ ಅವಕಾಶ ಸಿಕ್ಕಿದ್ದು ೧೯೯೬ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ಪಡೆದದ್ದು ೧೯೯೯ರಲ್ಲಿ, ೨೯ನೆಯ ವಯಸ್ಸಿನಲ್ಲಿ. ಅನಿಲ್ ಕುಂಬ್ಳೆಯವರು ದೆಹಲಿಯಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ಪಡೆದಾಗ ಅವರಿಗೆ ೨೮. ಕೊಡಗಿನ ರೋಹನ್ ಬೋಪಣ್ಣನವರು ೨೦೨೪ರಲ್ಲಿ ಆಸ್ಟ್ರೇಲಿಯನ್ ಓಪನ್ ಟೆನ್ನಿಸಿನ ಪುರುಷರ ಡಬಲ್ಸ್ ಗೆದ್ದದ್ದು ೪೩ನೆಯ ವಯಸ್ಸಿನಲ್ಲಿ.

ವಿದ್ಯಾರ್ಥಿಗಳಾದ ನಮಗೆ ಎಲ್ಲಕ್ಕಿಂತ ಬೋಧಪ್ರದವಾದದ್ದು ಇ. ಎ. ಎಸ್. ಪ್ರಸನ್ನರ ಉದಾಹರಣೆ. ೧೯೬೨ರಲ್ಲಿ, ೨೧ನೆಯ ವಯಸ್ಸಿನಲ್ಲಿ, ಟೆಸ್ಟ್ ಆಡಿದ ಅವರು ಇಂಜಿನಿಯರಿಂಗ್ ವ್ಯಾಸಂಗ ಮುಗಿಸಲೆಂದು ದೂರ ಉಳಿದರು. ಮತ್ತೆ ಟೆಸ್ಟ್ ಕಣಕ್ಕೆ ಬಂದದ್ದು ೧೯೬೭ರಲ್ಲಿ. ಸುಮಾರು ಐದು ವರ್ಷಗಳ ಅಂತರ. ಅವರ ಒಟ್ಟು ೧೮೯ ಟೆಸ್ಟ್ ವಿಕೆಟ್‌ಗಳಲ್ಲಿ ಬಹುಪಾಲು ಈ ಮರಳುವಿಕೆಯ ನಂತರ ದೊರೆತವು. ಓದು ಆಟಕ್ಕೆ ಶತ್ರುವಲ್ಲ, ಇಪ್ಪತ್ತಾರು ಮುದಿತನವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇವರಲ್ಲಿ ಯಾರೂ ಇಪ್ಪತ್ತೈದಕ್ಕೆ ಆಟ ಆರಂಭಿಸಿದವರಲ್ಲ. ಎಳವೆಯಲ್ಲಿಯೇ ಕಲಿತು, ನಡುವಿನ ವರ್ಷಗಳಲ್ಲಿ ಉಳಿಸಿಕೊಂಡು, ತಕ್ಕ ವಯಸ್ಸಿನಲ್ಲಿ ಫಲ ಉಂಡವರು. ಬಿತ್ತುವ ಕಾಲ ಬೇರೆ, ತೆನೆ ಕಟ್ಟುವ ಕಾಲ ಬೇರೆ. ಎರಡರ ನಡುವೆ ಬೆಳೆಯನ್ನು ಕಾಯಬೇಕು.

ನಮ್ಮ ಹಳ್ಳಿಗಳಲ್ಲಿ ಆಗುವ ನಷ್ಟ ಈ ನಡುವಿನ ಕಾಲದಲ್ಲಿಯೇ. ಹೈಸ್ಕೂಲಿನ ಕ್ರೀಡಾಕೂಟದಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಮೀಸೆ ಮೂಡಿದ ಹುಡುಗ ಗೆಲ್ಲುತ್ತಾನೆ. ಸಣ್ಣಗಿರುವವನು ತನಗೆ ಆಟ ಹೇಳಿದ್ದಲ್ಲವೆಂದು ಹಿಂದೆ ಸರಿಯುತ್ತಾನೆ. ಒಂದೇ ವಯಸ್ಸಿನ ಇಬ್ಬರು ಹುಡುಗರ ಮೈಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ಮಣಿಕಟ್ಟಿನ ಎಲುಬಿನ ಎಕ್ಸ್‌ರೇ ತೆಗೆದು ವೈದ್ಯರು ಅದನ್ನು ಅಳೆಯಬಲ್ಲರು. ನಮ್ಮಲ್ಲಿ ಹಲವರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ ೧ ಎಂದೇ ಇರುವುದರಿಂದ ಕಾಗದದ ವಯಸ್ಸನ್ನೂ ಪೂರ್ತಿ ನಂಬುವಂತಿಲ್ಲ. ತಡವಾಗಿ ಬೆಳೆಯುವವನು ಇಪ್ಪತ್ತರ ಹೊತ್ತಿಗೆ ಮುಂದಿನವನನ್ನು ಹಿಂದೆ ಹಾಕಬಹುದು. ಆದರೆ ಅಷ್ಟರಲ್ಲಿ ಅವನು ಮೈದಾನ ಬಿಟ್ಟಿರುತ್ತಾನೆ.

ಉಳಿದವರು ಕಾಲೇಜಿನ ಕೊನೆಯ ವರ್ಷದೊಂದಿಗೆ ಬಿಡುತ್ತಾರೆ. ಪೊಲೀಸ್ ಅಥವಾ ಸೈನ್ಯದ ಭರ್ತಿಗಾಗಿ ಕೆಲವರು ನಸುಕಿನಲ್ಲಿ ರಸ್ತೆಯ ಮೇಲೆ ಓಡುತ್ತಾರೆ. ಭರ್ತಿಯಾದರೂ ಆಗದಿದ್ದರೂ ಬಹುಮಂದಿಯ ಓಟ ಅಲ್ಲಿಗೆ ಮುಗಿಯುತ್ತದೆ. ಹೆಣ್ಣುಮಕ್ಕಳ ಸಂಗತಿ ಇನ್ನೂ ಕಠಿಣ. ನನ್ನೊಡನೆ ಓದಿದ, ಹುಡುಗರಿಗೆ ಸರಿಸಮನಾಗಿ ಖೋ-ಖೋ ಆಡುತ್ತಿದ್ದ ಹುಡುಗಿಯರು ಹತ್ತನೆಯ ಇಯತ್ತೆಯ ನಂತರ ಮೈದಾನದಲ್ಲಿ ಕಾಣಲಿಲ್ಲ. ಮದುವೆಯಾದ ಮೇಲೆ ಆಟ ಮುಗಿಯಿತೆಂಬುದು ಶರೀರದ ನಿಯಮವಲ್ಲ. ಮೂರು ಮಕ್ಕಳ ತಾಯಿಯಾದ ಮೇರಿ ಕೋಮ್ ೨೦೧೮ರಲ್ಲಿ ಆರನೆಯ ಸಲ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಆದರು. ಜಮೈಕಾದ ಶೆಲ್ಲಿ-ಆನ್ ಫ್ರೇಸರ್-ಪ್ರೈಸ್ ತಾಯಿಯಾದ ಬಳಿಕವೇ ೧೦೦ ಮೀಟರನ್ನು ತಮ್ಮ ಜೀವಮಾನದ ಅತ್ಯಂತ ಕಡಿಮೆ ಕಾಲದಲ್ಲಿ ಓಡಿದರು. ಆಗ ಅವರಿಗೆ ೩೪.

ಎಲ್ಲರೂ ಒಲಿಂಪಿಕ್ಸ್‌ಗೆ ಹೋಗಲಾರರು. ಆದರೆ ಇಪ್ಪತ್ತರಿಂದ ಮೂವತ್ತರ ವರೆಗೆ ದೇಹವು ತನ್ನ ಪೂರ್ಣ ಬಲದಲ್ಲಿರುವಾಗ ಅದಕ್ಕೆ ಕೆಲಸ ಕೊಡದೆ ಇರುವುದು ವ್ಯರ್ಥ ವ್ಯಯ. ಇದಕ್ಕೆ ದೊಡ್ಡ ಹಣ ಬೇಡ. ಪದವಿ ಮುಗಿಸಿ ಹೋದವರಿಗೂ ಬೆಳಿಗ್ಗೆ ಸಂಜೆ ಕಾಲೇಜಿನ ಮೈದಾನ ತೆರೆದಿರಲಿ. ಊರ ಜಾತ್ರೆಯ ಆಟಗಳಲ್ಲಿ ಇಪ್ಪತ್ತೈದು ದಾಟಿದವರಿಗೂ, ಹೆಣ್ಣುಮಕ್ಕಳಿಗೂ ಒಂದೊಂದು ಪಂದ್ಯವಿರಲಿ. ದುಡಿಮೆಯೊಂದಿಗೆ ದಿನಕ್ಕೆ ಒಂದು ಗಂಟೆ ಆಟ ನಡೆಯಬಹುದೆಂದು ಮನೆಯ ಹಿರಿಯರು ಒಪ್ಪಲಿ.

ನನ್ನನ್ನು ತಡೆದು ಕೇಳಿದ ಆ ಹಿರಿಯರಿಗೆ ಅಂದು ಉತ್ತರ ಹೇಳಲಾಗಲಿಲ್ಲ. ದುಡಿಮೆಯ ಮಾತು ಅವರು ಹೇಳಿದ್ದು ಸುಳ್ಳಲ್ಲ. ನಮ್ಮಂಥ ಮನೆಗಳಲ್ಲಿ ಅದು ತಪ್ಪಿದ್ದಲ್ಲ. ಆದರೆ ಮುಂದಿನ ರಜೆಗೆ ಊರಿಗೆ ಹೋದಾಗ ಅವರದೇ ಭಾಷೆಯಲ್ಲಿ ಹೇಳಬೇಕೆಂದಿದ್ದೇನೆ: "ಅಜ್ಜಾರ, ನನಗಿನ್ನೂ ನಾಕs ಹಲ್ಲರೀ. ಬಾಯಿಗೂಡೂದು ಇನ್ನ ಮುಂದೈತಿ."