ದುಡಿಮೆಯ ಇಂಗ್ಲಿಷ್ ನುಡಿಗಟ್ಟು: ಬೆಳಗಲಿ ಸೀಮೆಯ ಮಕ್ಕಳು ಕಲಿಯುವ ಬಗೆ

ರನ್ನ ಬೆಳಗಲಿ, ಮುಧೋಳ, ಜಮಖಂಡಿ ಸೀಮೆಯಲ್ಲಿ ಕನ್ನಡ ಶಾಲೆ ಮುಗಿಸಿ ಕಾಲೇಜಿಗೆ ಹೋಗುವ ಮಕ್ಕಳು ಇಂಗ್ಲಿಷ್ ನುಡಿಗಟ್ಟು ಎಂದರೆ ಅಂಜುತ್ತಾರೆ. ಗೈಡಿನ ಪಟ್ಟಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ದುಡಿಮೆಯ ನುಡಿಗಟ್ಟುಗಳಿಂದ ಶುರು ಮಾಡಿ ನೋಡಿ. ಕಬ್ಬು ಬೆಳೆಯುವ, ಮಗ್ಗ ನಡೆಸುವ ಮನೆಯ ಮಕ್ಕಳಿಗೆ ಅವುಗಳ ಅರ್ಥ ಮೊದಲೇ ಗೊತ್ತು.

ಹಂತ 1: ಐದನ್ನೇ ಆರಿಸಿ
ಪುಟ್ ಯುವರ್ ಶೋಲ್ಡರ್ ಟು ದ ವ್ಹೀಲ್, ಎಲ್ಬೋ ಗ್ರೀಸ್, ಬರ್ನ್ ದ ಮಿಡ್‌ನೈಟ್ ಆಯಿಲ್, ಗೋ ದಿ ಎಕ್ಸ್‌ಟ್ರಾ ಮೈಲ್, ಲೀವ್ ನೋ ಸ್ಟೋನ್ ಅನ್‌ಟರ್ನ್ಡ್. ಒಂದು ವಾರಕ್ಕೆ ಇಷ್ಟು ಸಾಕು.

ಹಂತ 2: ಕೆಲಸವನ್ನು ಕಣ್ಣ ಮುಂದೆ ತಂದುಕೊಳ್ಳಿ
ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಕಬ್ಬು ಹೇರಿದ ಬಂಡಿ ಹಸಿ ಎರೆಹೊಲದಲ್ಲಿ ಹೂತಿದೆ ಎಂದುಕೊಳ್ಳಿ. ಎತ್ತು ಎಳೆದರೂ ಮಿಸುಕುವುದಿಲ್ಲ. ಒಬ್ಬ ಗಾಲಿಗೆ ಹೆಗಲು ಕೊಟ್ಟು, ಹಿಮ್ಮಡಿ ಊರಿ ನೂಕುತ್ತಾನೆ. ಶೋಲ್ಡರ್ ಟು ದ ವ್ಹೀಲ್ ಎಂದರೆ ಅದೇ. ಈಸೋಪನ ಕಥೆಯಲ್ಲೂ ಬಂಡಿ ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ; ಬಂಡಿಯವನು ಬಲಶಾಲಿ ದೇವರು ಹರ್ಕ್ಯುಲಿಸನನ್ನು ಕೂಗುತ್ತಾನೆ. ಮೊದಲು ನೀನು ಗಾಲಿಗೆ ಹೆಗಲು ಕೊಡು, ಆಮೇಲೆ ನನ್ನನ್ನು ಕರೆ ಎನ್ನುತ್ತಾನೆ ಹರ್ಕ್ಯುಲಿಸ.

ಎಲ್ಬೋ ಗ್ರೀಸ್ ತಿಳಿಯಲು ಬಚ್ಚಲಿಗೆ ಹೋಗಿ. ಮಸಿ ಹಿಡಿದ ಹಂಡೆಯನ್ನು ಅವ್ವ ಬೂದಿ ಹಚ್ಚಿ ತಿಕ್ಕುವಾಗ ಅವಳ ಮೊಣಕೈ ನೋಡಿ. ಹಂಡೆ ಬೆಳಗಿಸುವುದು ಆ ರಟ್ಟೆಯ ಬಲ. ಮಿಡ್‌ನೈಟ್ ಆಯಿಲ್ ಎಂದರೆ ನಡುರಾತ್ರಿವರೆಗೆ ದೀಪದ ಎಣ್ಣೆ ಉರಿಸಿ ಓದುವುದು ಇಲ್ಲವೇ ದುಡಿಯುವುದು. ಕರೆಂಟು ಬಂದ ಮೇಲೂ ಮಾತು ಉಳಿದಿದೆ. ಎಕ್ಸ್‌ಟ್ರಾ ಮೈಲ್ ಬೈಬಲ್ಲಿನದು. ರೋಮನ್ ಸೈನಿಕರು ದಾರಿಹೋಕರಿಂದ ಬಿಟ್ಟಿಯಾಗಿ ಹೊರೆ ಹೊರಿಸುತ್ತಿದ್ದರು. ಒಂದು ಮೈಲಿ ಹೊರಲು ಹೇಳಿದರೆ ಎರಡು ಮೈಲಿ ಹೋಗು ಎಂದ ಯೇಸು. ಕೇಳಿದ್ದಕ್ಕಿಂತ ಹೆಚ್ಚು ಮಾಡುವುದು ಎಂಬ ಅರ್ಥ ಅಲ್ಲಿಂದ ಬಂತು. ಲೀವ್ ನೋ ಸ್ಟೋನ್ ಅನ್‌ಟರ್ನ್ಡ್ ಎಂದರೆ ಒಂದು ಕಲ್ಲನ್ನೂ ಮಗುಚದೆ ಬಿಡದೆ ಎಲ್ಲ ಕಡೆ ಹುಡುಕುವುದು.

ಹಂತ 3: ವಾಕ್ಯದಲ್ಲಿ ಕೂಡಿಸಿ
ನುಡಿಗಟ್ಟಿನ ಪದಗಳನ್ನು ಬದಲಿಸಬೇಡಿ, ಕ್ರಿಯಾಪದದ ಕಾಲವನ್ನು ಮಾತ್ರ ಬದಲಿಸಿ. ಮಾಡುವವನು ಬದಲಾದರೆ ಶೋಲ್ಡರ್ ಪದದ ಹಿಂದೆ ಮೈ, ಹಿಸ್, ಹರ್ ಬದಲಾಗುತ್ತವೆ. ಎಲ್ಬೋ ಗ್ರೀಸಿಗೆ ಬಹುವಚನವಿಲ್ಲ, ಅದರ ಹಿಂದೆ ‘ಆ್ಯನ್’ ಬೇಡ. ‘ಸಮ್’ ಅಥವಾ ‘ಅ ಲಿಟಲ್’ ಹಾಕಬಹುದು.

ಹಂತ 4: ಎಡವುವ ಕಡೆ ನಿಂತು ನೋಡಿ
ಯಾವ ಕಲ್ಲನ್ನೂ ಮಗುಚದೆ ಬಿಡಲಿಲ್ಲ ಎನ್ನುವ ನಮ್ಮ ಅಭ್ಯಾಸದಿಂದ ‘ಡಿಡ್ ನಾಟ್ ಲೀವ್ ನೋ ಸ್ಟೋನ್’ ಎಂದು ಬರೆದುಬಿಡುತ್ತೇವೆ. ‘ನೋ’ ಒಳಗೇ ಇದೆ, ‘ನಾಟ್’ ಬೇಡ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ‘ಐ ವರ್ಕ್ಡ್ ಹಾರ್ಡ್ಲಿ’ ಎನ್ನುವುದು. ಹಾರ್ಡ್ಲಿ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸಂದರ್ಶನದಲ್ಲಿ ಈ ಮಾತು ಬಾಯಿಂದ ಬಂದರೆ ಬೆವರು ಸುರಿಸಿದವನೂ ಮೈಗಳ್ಳನಾಗುತ್ತಾನೆ. ವರ್ಕ್ಡ್ ಹಾರ್ಡ್ ಎನ್ನಿ. ಮೋಂಬತ್ತಿಯನ್ನು ಎರಡೂ ತುದಿಯಲ್ಲಿ ಉರಿಸುವ ನುಡಿಗಟ್ಟೂ ಇದೆ. ಅದು ಹೊಗಳಿಕೆಯಲ್ಲ, ನಿದ್ದೆಗೆಟ್ಟು ದೇಹ ಹಾಳುಮಾಡಿಕೊಳ್ಳುವವನಿಗೆ ಹೇಳುವ ಎಚ್ಚರಿಕೆ.

ಹಂತ 5: ರನ್ನನ ಮೇಲೆ ಬರೆಯಿರಿ
ಊರಿನ ಹೆಸರಲ್ಲೇ ಇರುವ ಕವಿ ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಗಾಗಿ ಶ್ರವಣಬೆಳಗೊಳದವರೆಗೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ, 993ರಲ್ಲಿ ‘ಅಜಿತಪುರಾಣ’ ಮುಗಿಸಿದ, ಚಾಲುಕ್ಯ ದೊರೆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ಈ ಒಬ್ಬನ ಬದುಕಿಗೆ ಐದೂ ನುಡಿಗಟ್ಟು ಹೊಂದುತ್ತವೆ. ವಿದ್ಯೆಗಾಗಿ ಹುಡುಕಿದ್ದಕ್ಕೆ ಯಾವುದು, ರಾತ್ರಿ ಕೂತು ಬರೆದಿರಬಹುದಾದದ್ದಕ್ಕೆ ಯಾವುದು ಎಂದು ನೀವೇ ಆರಿಸಿ ಐದು ವಾಕ್ಯ ಮಾಡಿ, ಮೇಷ್ಟ್ರಿಗೆ ತೋರಿಸಿ.

ಆಮೇಲೆ ಮನೆಯಲ್ಲಿ ದುಡಿಯುವವರ ಮೇಲೆ ಒಂದು ವಾಕ್ಯ ಬರೆದು ಅವರ ಮುಂದೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ. ಮುಂದಿನ ವಾರ ಇನ್ನೈದು ನುಡಿಗಟ್ಟು ತೆಗೆದುಕೊಳ್ಳಿ.